ಬರಿಗಾಲು, ಎರಿ ಹೊಲ, ಮಿರ್ಚಿ ಭಜಿ

ಕಲಬುರಗಿಯ ಆಳಂದ ನಾಕಾದ ಹೋಟೆಲ್‌ನಾಗ ಮಿರ್ಚಿ ಇನ್ನಾ ಎಣ್ಣಿಯೊಳಗ ಇತ್ತು. ಅಷ್ಟರಾಗ ಶರಣ್ಯಾ ಶುರು ಹಚ್ಚಿದ.

“ಕಾಕಾ, ಐತಾರ ಬೆಂಗಳೂರಿಂದ ಹತ್ತು ಮಂದಿ ದೋಸ್ತರು ಬರ್ಲಾಕತ್ತಾರ. ಮಣ್ಣಿನ ಜೋಡಿ ನಂಟು ಬೆಳಸ್ಬೇಕಂತ. ನಿಮ್ಮ ತೊಗರಿ ಹೊಲದಾಗ ಬರಿಗಾಲಿಲೆ ಅಡ್ಡಾಡ್ತಾರಂತ.”

“ಮಳಿ ಬಿದ್ದ ಮರುದಿನ ಇಳಸು. ನಂಟು ಅವ್ರು ಬೆಳಸೋದೇ ಬ್ಯಾಡ, ಹತ್ತು ಹೆಜ್ಜಿಗಿ ಎರಿ ಮಣ್ಣೇ ಕಾಲು ಹಿಡಕೊಂಡು ಕುಂದ್ರತದ.”

ಮಾಸ್ತರ ಚಷ್ಮಾ ಏರಿಸಿದ್ರು. “ಅದ್ರಾಗ ಮಾಂಟ್‌ಮೊರಿಲೊನೈಟ್ ಅಂತ ಜಿಗಟು ಕಣ ಭಾಳ. ನೀರು ಕುಡುದ್ರ ಉಬ್ಬತದ, ಒಣಗಿದ್ರ ಕುಗ್ಗಿ ಬಿರುಕು ಬಿಡತದ. ಬ್ಯಾಸಗ್ಯಾಗ ಹೊಲ ಬಾಯಿ ತೆರಕೊಂಡು ಮಲಗಿರತದ.”

“ಶರಣ್ಯಾ ಮಲಗಿದಂಗ.”

“ನನ್ನ ಬಿಡ್ರಿ ಕಾಕಾ. ಮತ್ತ ಯಾವಾಗ ಇಳೀಬೇಕು?”

“ಹದ ನೋಡಿ. ಗೇಣು ಆಳದ ಮಣ್ಣು ಒಂದು ಹಿಡಿ ತಗೊಂಡು ಉಂಡಿ ಕಟ್ಟು. ಟೊಂಕದ ಎತ್ತರದಿಂದ ಬಿಡು. ಒಡದು ಪುಡಿ ಆತಂದ್ರ ಹದ ಬಂದದ. ಉಂಡಿ ಉಂಡಿನೇ ಇತ್ತಂದ್ರ ಇನ್ನೆರಡು ದಿನ ತಡಿ. ಹಸಿ ಇದ್ದಾಗ ಕುಂಟಿ ಹೊಡದ್ರ ಮಣ್ಣು ಹೆಂಟಿ ಆಗ್ತದ, ಒಣಗಿದ ಮ್ಯಾಲ ಕೊಡಲಿಗೂ ಒಡೆಯಂಗಿಲ್ಲ. ಹತ್ತು ಮಂದಿ ತುಳದ್ರೂ ಅದೇ ಕತಿ, ಬೇರಿಗಿ ಗಾಳಿ ಹೋಗಂಗಿಲ್ಲ.”

“ಆಮ್ಯಾಲ?”

“ಬೇರು ತೋರಸು,” ಮಾಸ್ತರ ಹೇಳಿದ್ರು. “ಒಂದೂವರೆ ತಿಂಗಳ ತೊಗರಿ ಗಿಡದ ಸುತ್ತ ಗೇಣು ಜಾಗ ಬಿಟ್ಟು ಅಗದು, ಮಣ್ಣಿನ ಗಡ್ಡಿ ಸಮೇತ ಎತ್ತಿ ಬಕೀಟಿನ ನೀರಾಗ ನೆನಸು. ಜಗ್ಗಿ ಕಿತ್ರ ಬೇರಿಗಿ ಹತ್ತಿದ ಸಣ್ಣ ಗಂಟು ಎಲ್ಲಾ ಮಣ್ಣಾಗೇ ಉಳೀತಾವ. ಗಂಟು ಉಗುರಿಲೆ ಸೀಳು: ಒಳಗ ಗುಲಾಬಿ ಇದ್ರ ರೈಜೋಬಿಯಂ ಅನ್ನೋ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡೀಲಾಕತ್ತದ. ಬೆಳ್ಳಗ, ಹಸರ ಇದ್ರ ಕೆಲಸ ನಡದಿಲ್ಲ.”

“ಸರ್ಕಾರಿ ಆಫೀಸಿನಾಗೂ ಹಿಂಗ ಸೀಳಿ ನೋಡ್ಲಾಕ ಬರ್ತಿದ್ರ…”

“ಭಜಿ ತಿನ್ನಪ್ಪಾ ಸುಮ್ಕ.”

ಬಂದ ಸೂಸಲಾದಾಗ ಕೈ ಇಡ್ತಾ ಶರಣ್ಯಾ ಕೇಳಿದ, “ಮಣ್ಣು ಪರೀಕ್ಷಾಕ್ಕೂ ಅವ್ರ ಕೈಲೇ ತಗಸ್ಲಿ?”

“ತಗಸು,” ಮಾಸ್ತರ ಅಂದ್ರು, “ಆದ್ರ ಬದುವಿನ ಬಾಜು, ಗಿಡದ ನೆರಳು, ತಿಪ್ಪಿ ಇದ್ದ ಜಾಗ ಬ್ಯಾಡ. ಸಾಲಿನ ನಡುವ ಓರೆಕೋರೆ ನಡಕೋತ ಹದಿನೈದಿಪ್ಪತ್ತು ಕಡೆ, ಮ್ಯಾಲಿನ ಕಸ ಸರಿಸಿ, ಇಂಗ್ಲಿಷಿನ ‘ವಿ’ ಹಂಗ ಅರ್ಧ ಅಡಿ ಕುಣಿ. ಬಾಜಿನ ಗ್ವಾಡಿಯಿಂದ ಮ್ಯಾಲಿಂದ ಕೆಳಗಿನತನಕ ಒಂದು ಬೆರಳು ದಪ್ಪ ಕೆತ್ತು. ಎಲ್ಲಾ ಕಲಸಿ ನಾಕು ಪಾಲು ಮಾಡಿ ಎದುರುಬದುರಿನ ಎರಡು ಒಗಿ. ಅರ್ಧ ಕಿಲೋ ಉಳಿಯುತನಕ ಹಂಗೇ ಮಾಡು. ನೆರಳಾಗ ಒಣಗಸು.”

“ತುಂಬ್ಲಾಕ ಯೂರಿಯಾ ಚೀಲ ಅದ.”

“ಅದ್ರಾಗ ತುಂಬಿದಿ ಅಂದ್ರ ಲ್ಯಾಬಿನವ್ರು ಹೊಲದ್ದಲ್ಲ, ಚೀಲದ ಪರೀಕ್ಷಾ ಮಾಡಿ ಕೊಡ್ತಾರ.”

ಕಾಕಾ ಎರಡನೇ ಮಿರ್ಚಿ ಮುರದ. “ಕುಡಿ ಚಿವುಟೋದೂ ಕಲಸು. ಐವತ್ತು ದಿನದ ಸುಮಾರಿಗಿ ತುದಿ ಎರಡು ಇಂಚು ಚಿವುಟಿದ್ರ ಬಾಜು ಟೊಂಗಿ ಒಡೀತಾವ, ಕಾಯಿ ಹೆಚ್ಚಾಗ್ತಾವ. ಮೊಗ್ಗು ಬಂದ ಮ್ಯಾಲ ಚಿವುಟಿದ್ರ ಹೂವೇ ಹೋಗ್ತದ. 2019ರಾಗ ಜಿಐ, ಅಂದ್ರ ಊರಿನ ಹೆಸರಿನ ಗುರುತು, ಸಿಕ್ಕ ಬ್ಯಾಳಿ ಅದು, ಸೆಲ್ಫಿ ತಗೋತಾ ಚಿವುಟಬ್ಯಾಡಂತ ಹೇಳು.”

“ಕಾಕಾ, ಒಬ್ಬೊಬ್ರಿಗಿ ಐನೂರು ರೂಪಾಯಿ ಹಚ್ಲಿ? ಕಳೆ ತೆಗಿಯೋದೂ ಸೇರಿಸಿ?”

ಕಾಕಾನ ಕೈ ಬಾಯಿ ಹತ್ರ ನಿಂತಿತು. “ಕಳೆ ತೆಗಿಲಾಕ ನಾನು ಕೂಲಿ ಕೊಡ್ತೀನಿ. ಅವ್ರು ರೊಕ್ಕ ಕೊಟ್ಟು ತೆಗೀತಾರ?”

“ಹೌದ್ರಿ, ಅನುಭವ ಅಂತ.”

“ತೊಗರಿನೇ ಕಳೆ ಅಂತ ಕಿತ್ತಿಟ್ರ?” ಮಾಸ್ತರ ಕೇಳಿದ್ರು.

“ಮೂರೆಲಿ ಜೋಡಿ ಇದ್ದದ್ದು ಮುಟ್ಟಬ್ಯಾಡ್ರಿ ಅಂತ ಹೇಳು. ಕಿತ್ತ ಗಿಡಕ್ಕ ಒಂದೊಂದು ಪ್ಲೇಟು ಮಿರ್ಚಿ ದಂಡ. ಶರಣ್ಯಾ, ಹತ್ತಲ್ಲ ಇಪ್ಪತ್ತು ಮಂದೀನ ಕರಕೊಂಡ್ ಬಾ. ಆಚಿ ನಾಕೆಕರೆನೂ ಕಳೆ ಅದ.”