ಅಮ್ಮನ ಆಕ್ಸಿಜನ್ 90ರಲ್ಲೇ ನಿಂತಿದೆ, ಮೆಷಿನ್ ಜಾಸ್ತಿ ಮಾಡಬಹುದಾ?

ಮಲೆನಾಡ ಮಗಳು:

ಎಲ್ಲರಿಗೂ ನಮಸ್ಕಾರ. ನಮ್ಮ ಊರು ತೀರ್ಥಹಳ್ಳಿ ಹತ್ತಿರ. ನಾನು ಬೆಂಗಳೂರಲ್ಲಿದ್ದೇನೆ, ಊರಲ್ಲಿ ಅಮ್ಮನ ಜೊತೆ ತಮ್ಮ ಇದ್ದಾನೆ. ಅಮ್ಮನಿಗೆ 66 ವರ್ಷ. ಬೀಡಿ, ಸಿಗರೇಟು ಮುಟ್ಟಿದವಳಲ್ಲ. ಆದರೆ ಮದುವೆಯಾಗಿ ಬಂದಾಗಿನಿಂದ ಸೌದೆ ಒಲೆಯಲ್ಲೇ ಅಡುಗೆ ಮಾಡಿದವಳು. ಗ್ಯಾಸ್ ಬಂದ ಮೇಲೂ ಬಚ್ಚಲ ಹಂಡೆಗೆ ಬೆಂಕಿ ಹಾಕುವುದು ಅವಳೇ. ಡಾಕ್ಟರು ಸಿಒಪಿಡಿ ಅಂತ ಹೇಳಿದ್ದಾರೆ, ಅಂದರೆ ಗಾಳಿನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ, ಬಹುಕಾಲ ಇರುವ ಶ್ವಾಸಕೋಶದ ಕಾಯಿಲೆ. ಇನ್‌ಹೇಲರ್ ಇದೆ. ಮನೆಗೆ ಆಕ್ಸಿಜನ್ ಕೊಡುವ ಮೆಷಿನ್ (ಕಾನ್ಸಂಟ್ರೇಟರ್) ತರಿಸಿದ್ದೇವೆ. ನಿಮಿಷಕ್ಕೆ 2 ಲೀಟರ್‌ನಂತೆ, ದಿನಕ್ಕೆ 15 ಗಂಟೆಯಾದರೂ ಹಾಕಿಕೊಳ್ಳಬೇಕು ಅಂದಿದ್ದಾರೆ.

ಬೆರಳಿಗೆ ಹಾಕುವ ಆಕ್ಸಿಮೀಟರ್ 89, 90, ಹೆಚ್ಚೆಂದರೆ 91 ತೋರಿಸುತ್ತದೆ. ಕೊರೋನಾ ಸಮಯದಲ್ಲಿ 94ಕ್ಕಿಂತ ಕೆಳಗೆ ಹೋದರೆ ಆಸ್ಪತ್ರೆಗೆ ಓಡಿ ಅಂತಿದ್ದರಲ್ಲ, ಅದೇ ತಮ್ಮನ ತಲೆಯಲ್ಲಿ ಕೂತಿದೆ. 4 ಲೀಟರ್‌ಗೆ ಏರಿಸೋಣ ಅಂತಾನೆ. ಏರಿಸಬಹುದಾ? ಇನ್ನೊಂದು ವಿಷಯ. 91 ಇದ್ದಾಗಲೂ ಸ್ನಾನಕ್ಕೆ ಹೋದರೆ, ತಲೆ ಬಾಚಿಕೊಂಡರೆ ಅಮ್ಮನಿಗೆ ಏದುಸಿರು. ಆಕ್ಸಿಜನ್ ಇದ್ದೂ ಹೀಗ್ಯಾಕೆ?

ತೋಟದ ಮನೆ:

ನಮ್ಮ ಕಡೆ ಒಬ್ಬರಿಗೆ ಪ್ರಾಣಾಯಾಮದಿಂದ ತುಂಬಾ ಅನುಕೂಲ ಆಯಿತು. ಕಪಾಲಭಾತಿ ಮಾಡಿಸಿ, ಆಮೇಲೆ ನಿಧಾನಕ್ಕೆ ಕುಂಭಕ. ಕರ್ಪೂರ, ಲವಂಗ, ಓಂಕಾಳು ಕಟ್ಟಿದ ಪೊಟ್ಟಣ ಮೂಸಿದರೂ ಆಕ್ಸಿಜನ್ ಏರುತ್ತದಂತೆ. ಅಮ್ಮ ಬೇಗ ಹುಷಾರಾಗಲಿ.

ವಾರ್ಡ್ ಸಿಸ್ಟರ್:

ನಾನು ಎದೆರೋಗ ವಾರ್ಡಿನ ನರ್ಸ್. ತಮ್ಮನಿಗೆ ಈಗಲೇ ಫೋನ್ ಮಾಡಿ, 2 ಲೀಟರ್ ಇದ್ದದ್ದನ್ನು ಮುಟ್ಟಬೇಡ ಅಂತ ಹೇಳಿ. ಉಳಿದದ್ದನ್ನು ನಿಧಾನಕ್ಕೆ ಓದಿ.

ಕೊರೋನಾದ 94 ಬೇರೆ ಲೆಕ್ಕ. ಸಿಒಪಿಡಿ ಇದ್ದವರಿಗೆ ಆಕ್ಸಿಜನ್ ಕೊಡುವಾಗ ಸಾಮಾನ್ಯವಾಗಿ 88ರಿಂದ 92ರ ನಡುವೆ ಇರುವಂತೆ ನೋಡಿಕೊಳ್ಳುತ್ತೇವೆ. ನಿಮ್ಮ ಅಮ್ಮ ಇರುವುದು ಅಲ್ಲೇ. ಉಸಿರಾಟಕ್ಕೆ ಎರಡು ಕೆಲಸ ಇದೆ ಅಲ್ವಾ? ಆಕ್ಸಿಜನ್ ಒಳಗೆ ತರಬೇಕು, ಕಾರ್ಬನ್ ಡೈಆಕ್ಸೈಡ್ ಹೊರಗೆ ಹಾಕಬೇಕು. ಆಕ್ಸಿಮೀಟರ್‌ಗೆ ಎರಡನೆಯದು ಗೊತ್ತಾಗುವುದೇ ಇಲ್ಲ. ಅದು ಬೆರಳಿನೊಳಗೆ ಬೆಳಕು ಹಾಯಿಸಿ, ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಪಾಲು ಆಕ್ಸಿಜನ್ ಹೊತ್ತಿದೆ ಅಂತ ಮಾತ್ರ ಹೇಳುತ್ತದೆ. ಕಾರ್ಬನ್ ಡೈಆಕ್ಸೈಡ್ ಎಷ್ಟು ಉಳಿದಿದೆ ಅಂತ ತಿಳಿಯಲು ಮಣಿಕಟ್ಟಿನ ಹತ್ತಿರ ರಕ್ತ ತೆಗೆದು ಎಬಿಜಿ ಪರೀಕ್ಷೆ ಮಾಡಬೇಕು.

ಹೊಗೆಯಿಂದ ಕೆಟ್ಟ ಶ್ವಾಸಕೋಶದಲ್ಲಿ ಕೆಲವು ಭಾಗಕ್ಕೆ ಗಾಳಿ ಸರಿಯಾಗಿ ಹೋಗುವುದಿಲ್ಲ. ದೇಹ ಅದನ್ನು ಗುರುತಿಸಿ, ಅಲ್ಲಿನ ರಕ್ತನಾಳ ಬಿಗಿ ಮಾಡಿ, ರಕ್ತವನ್ನು ಚೆನ್ನಾಗಿರುವ ಭಾಗಕ್ಕೆ ತಿರುಗಿಸಿರುತ್ತದೆ. ಆಕ್ಸಿಜನ್ ಜಾಸ್ತಿ ಕೊಟ್ಟರೆ ಆ ಬಿಗಿ ಸಡಿಲವಾಗುತ್ತದೆ. ರಕ್ತ ಮತ್ತೆ ಕೆಟ್ಟ ಭಾಗಕ್ಕೆ ಹೋಗಿ, ಕಾರ್ಬನ್ ಡೈಆಕ್ಸೈಡ್ ಬಿಡದೆ ಹಾಗೇ ವಾಪಸ್ ಬರುತ್ತದೆ. ಕಾರಣ ಇದೊಂದೇ ಅಲ್ಲ, ಆದರೆ ಇದು ದೊಡ್ಡ ಕಾರಣ. ಬೆರಳಲ್ಲಿ 98 ಕಂಡು ಮನೆಯವರು ನಿರಾಳವಾಗುತ್ತಾರೆ, ಅತ್ತ ಕಾರ್ಬನ್ ಡೈಆಕ್ಸೈಡ್ ತುಂಬಿಕೊಂಡು ರೋಗಿ ಮಂಪರಿಗೆ ಜಾರುತ್ತಿರುತ್ತಾರೆ. ಬೆಳಗ್ಗೆ ಎದ್ದಾಗ ತಲೆನೋವು, ಹಗಲಲ್ಲಿ ತೂಕಡಿಕೆ, ಮಾತು ಹಿಂದೆ ಮುಂದೆ ಆಗುವುದು ಕಂಡರೆ ತಡ ಮಾಡಬೇಡಿ.

ಈಗ ಸ್ನಾನದ ವಿಷಯ. ಏದುಸಿರು ಬಂದಾಗೆಲ್ಲ ಆಕ್ಸಿಜನ್ ಕಡಿಮೆ ಅಂತಲ್ಲ. ಸಿಒಪಿಡಿಯಲ್ಲಿ ಕಷ್ಟ ಇರುವುದು ಉಸಿರು ಹೊರಗೆ ಬಿಡುವುದರಲ್ಲಿ. ಹಳೇ ಗಾಳಿ ಪೂರ್ತಿ ಹೊರಗೆ ಹೋಗದೆ ಒಳಗೇ ಸಿಕ್ಕಿಕೊಳ್ಳುತ್ತದೆ, ಹೊಸ ಗಾಳಿಗೆ ಜಾಗ ಇರುವುದಿಲ್ಲ. ಆಗ ಕುತ್ತಿಗೆ, ಭುಜದ ಸ್ನಾಯುಗಳೂ ಉಸಿರಾಟಕ್ಕೆ ಕೈಜೋಡಿಸುತ್ತವೆ. ಚೊಂಬು ಎತ್ತಿ ತಲೆಗೆ ನೀರು ಹುಯ್ದುಕೊಳ್ಳುವಾಗ, ಜಡೆ ಹಾಕಿಕೊಳ್ಳುವಾಗ ಅದೇ ಸ್ನಾಯುಗಳು ಕೈ ಎತ್ತಲೂ ಬೇಕು. ಅಮ್ಮನಿಗೆ ನಾಲ್ಕು ಹೆಜ್ಜೆ ನಡೆಯುವುದಕ್ಕಿಂತ ತಲೆ ಬಾಚುವುದು ಕಷ್ಟ ಅನ್ನಿಸಿದರೆ ಅದು ನಾಟಕ ಅಲ್ಲ. ದಯವಿಟ್ಟು ಮನೆಯವರು ಹಾಗೆ ಅನ್ನಬೇಡಿ, ವಾರ್ಡಿನಲ್ಲಿ ಆ ಮಾತು ಕೇಳಿ ಎಷ್ಟೋ ಹೆಂಗಸರು ಕಣ್ಣೀರು ಹಾಕುವುದನ್ನು ನೋಡಿದ್ದೇನೆ.

ಬಚ್ಚಲಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲ್ ಇಡಿ, ಕೂತೇ ಸ್ನಾನ ಮಾಡಲಿ. ದೊಡ್ಡ ಚೊಂಬು ಬೇಡ, ಸಣ್ಣ ಮಗ್ ಸಾಕು. ಬಗ್ಗಿ ಕಾಲು ಉಜ್ಜುವ ಬದಲು ಒಂದು ಕಾಲನ್ನು ಇನ್ನೊಂದರ ಮೇಲಿಟ್ಟುಕೊಳ್ಳಲಿ. ಮೈ ಒರೆಸುವ ಶ್ರಮವೂ ಬೇಡ, ಅಗಲವಾದ ಟವೆಲ್ ಸುತ್ತಿಕೊಂಡು ಸ್ವಲ್ಪ ಹೊತ್ತು ಕೂತರೆ ಅದೇ ನೀರು ಹೀರುತ್ತದೆ. ತಲೆ ಬಾಚುವಾಗ ಮೊಣಕೈ ಮೇಜಿನ ಮೇಲಿರಲಿ. ಉಸಿರು ಬಿಡುವ ರೀತಿಯನ್ನೂ ಕಲಿಸಿ. ಮೂಗಿನಿಂದ ಒಂದು, ಎರಡು ಅಂತ ಎಣಿಸುತ್ತಾ ಎಳೆದುಕೊಳ್ಳಬೇಕು. ಬಿಸಿ ಕಷಾಯ ಆರಿಸುವಂತೆ ತುಟಿ ಸಣ್ಣಗೆ ಮಾಡಿ ನಾಲ್ಕು ಎಣಿಸುವಷ್ಟು ಹೊತ್ತು ಬಿಡಬೇಕು. ಜೋರಾಗಿ ಊದಬಾರದು. ಏಳುವಾಗ, ಬಗ್ಗುವಾಗ, ಕೈ ಎತ್ತುವಾಗ, ಕಷ್ಟದ ಘಳಿಗೆಯಲ್ಲಿ ಉಸಿರು ಹೊರಗೆ ಹೋಗುತ್ತಿರಬೇಕು. ಸುಮ್ನೆ ಕೂತಿದ್ದಾಗಲೇ ಇದನ್ನು ರೂಢಿ ಮಾಡಿಸಿ. ಉಬ್ಬಸ ಬಂದ ಮೇಲೆ ಕಲಿಸಲು ಆಗುವುದಿಲ್ಲ.

ತೋಟದ ಮನೆಯವರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಇವರಿಗೆ ಕಪಾಲಭಾತಿ ಬೇಡ. ರಭಸದಿಂದ ಊದಿದರೆ ಸಣ್ಣ ಗಾಳಿನಾಳಗಳು ಮುಚ್ಚಿಕೊಂಡು ಗಾಳಿ ಇನ್ನೂ ಒಳಗೇ ಸಿಕ್ಕಿಕೊಳ್ಳುತ್ತದೆ. ಉಸಿರು ಕಟ್ಟುವ ಕುಂಭಕ ಬೇಡವೇ ಬೇಡ. ಪೊಟ್ಟಣದ ಸುದ್ದಿ 2021ರಲ್ಲಿ ವಾಟ್ಸಾಪ್ ತುಂಬಾ ಓಡಾಡಿತ್ತು. ಮೂಗಿಗೆ ತಂಪು ಅನ್ನಿಸುತ್ತದೆ, ಆಕ್ಸಿಜನ್ ಏರುವುದಿಲ್ಲ.

ಮಲೆನಾಡ ಮಗಳೇ, ನನಗೆ ಜಾಸ್ತಿ ಹೆದರಿಕೆ ಆಗಿರುವುದು ಆ ಬಚ್ಚಲ ಒಲೆಯ ಬಗ್ಗೆ. ಹೊಗೆ ಅಮ್ಮನ ಶ್ವಾಸಕೋಶಕ್ಕೆ ಮತ್ತೆ ಮತ್ತೆ ಬರೆ ಎಳೆಯುತ್ತಿದೆ. ಮೂಗಿನಲ್ಲಿ ಆಕ್ಸಿಜನ್ ನಳಿಗೆ ಇಟ್ಟುಕೊಂಡು ಬೆಂಕಿ ಮುಂದೆ ಕೂತರೆ ಸೀರೆ, ಕೂದಲು ಕ್ಷಣದಲ್ಲಿ ಹೊತ್ತಿಕೊಳ್ಳಬಹುದು. ಆಕ್ಸಿಜನ್ ತಾನಾಗಿ ಉರಿಯುವುದಿಲ್ಲ, ಉರಿಯುವುದನ್ನು ಭುಗಿಲೆಬ್ಬಿಸುತ್ತದೆ. ಗ್ಯಾಸ್ ಒಲೆ, ದೇವರ ದೀಪ ಎಲ್ಲದರಿಂದಲೂ 10 ಅಡಿ ದೂರ ಇರಲಿ. ಮೂಗು ಒಣಗಿದರೆ ವ್ಯಾಸಲಿನ್ ಹಚ್ಚಬೇಡಿ, ನೀರಿನಲ್ಲಿ ಮಾಡಿದ ಜೆಲ್ ಸಿಗುತ್ತದೆ. ಹಂಡೆ ಒಲೆ ನಿಲ್ಲಿಸಿ, ಗೀಸರ್ ಹಾಕಿಸಿ.

ಹಿಮೋಗ್ಲೋಬಿನ್ ಕೂಡ ಒಮ್ಮೆ ನೋಡಿಸಿ. ಆಕ್ಸಿಮೀಟರ್ ತೋರಿಸುವುದು ಪಾಲನ್ನು ಮಾತ್ರ. ರಕ್ತಹೀನತೆ ಇದ್ದರೆ 91ರಲ್ಲೂ ಮೈಗೆ ತಲುಪುವ ಆಕ್ಸಿಜನ್ ಕಡಿಮೆಯೇ.

ಮಲೆನಾಡ ಮಗಳು:

ಸಿಸ್ಟರ್, ತುಂಬಾ ಥ್ಯಾಂಕ್ಸ್. ತಮ್ಮನಿಗೆ ಹೇಳಿದೆ, 2ರಲ್ಲೇ ಇದೆ. ಒಲೆ ಮುಂದೆ ಹೋಗುವಾಗ ಅಮ್ಮ ನಳಿಗೆ ತೆಗೆದಿಡುತ್ತಾಳಂತೆ, ಆದರೂ ಗೀಸರ್‌ಗೆ ಹೇಳಿದ್ದೇವೆ. ಅಮ್ಮನ ತಕರಾರು ಬೇರೆ. ಮೆಷಿನ್ ಅಭ್ಯಾಸ ಆಗಿಬಿಟ್ಟರೆ ಆಮೇಲೆ ಬಿಡೋಕೆ ಆಗಲ್ಲ ಅಂತ ಸಂಜೆಯಾದರೆ ಬಂದ್ ಮಾಡಿಬಿಡುತ್ತಾಳೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಒಂದು ದಿನ ಬರುವುದೇ ಇಲ್ಲ, ಅದಕ್ಕೇನು ಮಾಡಲಿ?

ಸಕಲೇಶಪುರ ಕಡೆಯವ:

ನಮ್ಮ ಅಪ್ಪನಿಗೂ ಇದೇ ಮೆಷಿನ್. ಅಕ್ಕ, ಸಣ್ಣ ಇನ್ವರ್ಟರ್ ನಂಬಬೇಡಿ. ನಿಮಿಷಕ್ಕೆ 5 ಲೀಟರ್‌ವರೆಗೆ ಕೊಡುವ ಮೆಷಿನ್ 300 ವ್ಯಾಟ್‌ಗೂ ಮೇಲೆ ಎಳೆಯುತ್ತದೆ, ಬ್ಯಾಟರಿ ಬೇಗ ಇಳಿದುಬಿಡುತ್ತದೆ. ಬಿ ಟೈಪ್ ಸಿಲಿಂಡರ್ ಒಂದು ತುಂಬಿಸಿಟ್ಟುಕೊಳ್ಳಿ. ಅದರಲ್ಲಿ ಸುಮಾರು 1500 ಲೀಟರ್ ಇರುತ್ತದೆ, 2 ಲೀಟರ್‌ನಂತೆ 12 ಗಂಟೆ ಬರುತ್ತದೆ. ಇಡೀ ದಿನಕ್ಕೆ ಎರಡು ಬೇಕು. ಮೆಷಿನ್ ಹಿಂದಿನ ಫಿಲ್ಟರ್ ವಾರಕ್ಕೊಮ್ಮೆ ತೊಳೆದು, ಚೆನ್ನಾಗಿ ಒಣಗಿಸಿ ಹಾಕಿ.

ವಾರ್ಡ್ ಸಿಸ್ಟರ್:

ಸಿಲಿಂಡರ್ ಲೆಕ್ಕ ಸರಿ ಇದೆ. ಅದನ್ನು ಬೀಳದಂತೆ ಗೋಡೆಗೆ ಕಟ್ಟಿ. ರೆಗ್ಯುಲೇಟರ್ ತಿರುಗಿಸುವ ಕೈಗೆ ಎಣ್ಣೆ, ಗ್ರೀಸ್ ಇರಬಾರದು.

ಅಭ್ಯಾಸದ ಮಾತಿಗೆ ಅಮ್ಮನಿಗೆ ಹೀಗೆ ಹೇಳಿ. ಇದು ಚಟ ಹಿಡಿಸುವ ವಸ್ತು ಅಲ್ಲ. ನಾವೆಲ್ಲ ಉಸಿರಾಡುವ ಗಾಳಿಯಲ್ಲಿ 21 ಪಾಲು ಆಕ್ಸಿಜನ್, 78 ಪಾಲು ನೈಟ್ರೋಜನ್. ಮೆಷಿನ್ ಅದೇ ಕೋಣೆಯ ಗಾಳಿಯಿಂದ ನೈಟ್ರೋಜನ್ ಹಿಡಿದಿಟ್ಟುಕೊಂಡು ಆಕ್ಸಿಜನ್ ಕೊಡುತ್ತದೆ, ಅಷ್ಟೇ. ಆ 15 ಗಂಟೆಯನ್ನೂ ಯಾರೋ ಸುಮ್ನೆ ಹೇಳಿದ್ದಲ್ಲ. ಬ್ರಿಟನ್ನಿನಲ್ಲಿ ನಡೆದು 1981ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸದಾ ಆಕ್ಸಿಜನ್ ತೀರಾ ಕಡಿಮೆ ಇದ್ದ ಸಿಒಪಿಡಿ ರೋಗಿಗಳ ಪೈಕಿ ದಿನಕ್ಕೆ 15 ಗಂಟೆ ಹಾಕಿಕೊಂಡವರು ಹೆಚ್ಚು ಕಾಲ ಬದುಕಿದರು. ಆಕ್ಸಿಜನ್ ಕಡಿಮೆಯೇ ಇದ್ದರೆ ಶ್ವಾಸಕೋಶಕ್ಕೆ ರಕ್ತ ತಳ್ಳುವ ಹೃದಯದ ಬಲಭಾಗ ದಣಿಯುತ್ತದೆ, ಕಾಲು ಊದುತ್ತದೆ. ಮಿದುಳಿನ ತೂಕ ಮೈತೂಕದ 2 ಪರ್ಸೆಂಟ್, ಆದರೂ ಆಕ್ಸಿಜನ್‌ನ ಐದನೇ ಒಂದು ಪಾಲು ಅದಕ್ಕೇ ಬೇಕು. ನಿದ್ದೆಯಲ್ಲಿ ಹಾಕಿಕೊಂಡದ್ದೂ ಲೆಕ್ಕಕ್ಕೆ ಬರುತ್ತದೆ. ರಾತ್ರಿ ಎಂಟಕ್ಕೆ ಹಾಕಿ ಬೆಳಗ್ಗೆ ಆರಕ್ಕೆ ತೆಗೆದರೆ 10 ಗಂಟೆ ಆಯಿತು. ಉಳಿದ ಐದು ಗಂಟೆ ಊಟ, ಟಿವಿ, ಮಧ್ಯಾಹ್ನದ ನಿದ್ದೆಯಲ್ಲಿ ಕಳೆಯುತ್ತದೆ. ಉದ್ದದ ಟ್ಯೂಬ್ ಹಾಕಿಸಿದರೆ ಜಗಲಿವರೆಗೂ ಬರಬಹುದು.

ಮಳೆಗಾಲದ ಥಂಡಿಗೆ ಬೆರಳು ತಣ್ಣಗಿದ್ದರೆ ಆಕ್ಸಿಮೀಟರ್ ತಪ್ಪು ತೋರಿಸುತ್ತದೆ. ಕೈ ಉಜ್ಜಿ ಬೆಚ್ಚಗೆ ಮಾಡಿ, ಅಂಕಿ ನಿಲ್ಲುವವರೆಗೆ ಕಾದು ನೋಡಲಿ. ಸುಮ್ನೆ ಕೂತಾಗಲೂ 88ಕ್ಕಿಂತ ಕೆಳಗೇ ನಿಂತರೆ, ತುಟಿ ನೀಲಿಯಾದರೆ, ಒಂದು ಮಾತು ಪೂರ್ತಿ ಆಡಲು ಆಗದಿದ್ದರೆ ಅಥವಾ ಎಬ್ಬಿಸಿದರೂ ಮಂಪರು ಬಿಡದಿದ್ದರೆ 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್‌ನವರಿಗೆ ಸಿಒಪಿಡಿ ಇದೆ, ಮನೆಯಲ್ಲಿ 2 ಲೀಟರ್ ಕೊಡುತ್ತಿದ್ದೇವೆ ಅಂತ ಮೊದಲೇ ಹೇಳಬೇಕು. ತಮ್ಮ ಅದನ್ನು ಒಂದು ಚೀಟಿಯಲ್ಲಿ ಬರೆದು ಮೆಷಿನ್ ಮೇಲೆ ಅಂಟಿಸಿಡಲಿ.