ದಿ ಜಾಯ್ ಆಫ್ ಮೋಷನ್: ಕೇಳಿ ಹತ್ತಿರವಾದವರು ಇದ್ದರೆ ಹೇಳಿ

ಮೇಡನ್ ಕಾಲದವನು ಕೇಳಿದ್ದು:
ಅನಿಮಲ್ಸ್ ಆಸ್ ಲೀಡರ್ಸ್ ಅನ್ನುವ, ಹಾಡುವವರಿಲ್ಲದ ಮೆಟಲ್ ಬ್ಯಾಂಡಿನ 2014ರ ಆಲ್ಬಂ ದಿ ಜಾಯ್ ಆಫ್ ಮೋಷನ್ ಕೇಳುತ್ತಿದ್ದೇನೆ. ಐರನ್ ಮೇಡನ್, ಮೆಟಾಲಿಕಾ ಕೇಳಿ ಬೆಳೆದವನು ನಾನು. ಇದರಲ್ಲಿ ಬೆರಳು ಓಡುವುದು ಗೊತ್ತಾಗುತ್ತದೆ. ಹಾಡು ಮುಗಿದ ಮೇಲೆ ಗುನುಗೋಣ ಅಂದರೆ ಏನೂ ಉಳಿದಿರುವುದಿಲ್ಲ. ರೆಕಾರ್ಡ್ ತರಿಸುವ ಆಸೆ ಇದೆ. ಹೊರಗಿನಿಂದ ಬರಬೇಕು, ಸಾಗಣೆ ಸುಂಕ ಎಲ್ಲ ಸೇರಿ ಐದು ಸಾವಿರ ದಾಟುತ್ತದೆ. ತರಿಸಲಾ, ಬೇಡವಾ? ಇಲ್ಲ 2009ರ ಮೊದಲ ಆಲ್ಬಂನಿಂದ ಶುರು ಮಾಡಬೇಕಾ? ನಿಮಗೆ ಇದು ಹೇಗೆ ಹಿಡಿಯಿತು ಅಂತ ಅನುಭವ ಹೇಳಿ.

ಎಂಟನೇ ತಂತಿ:
ಬರೀ ಕೇಳಿದರೆ ಹಿಡಿಯುವುದಿಲ್ಲ. ಕೈಯಲ್ಲಿ ಗಿಟಾರ್ ಇರಬೇಕು.

ಈ ಬ್ಯಾಂಡಿನ ಗಿಟಾರಿಸ್ಟ್ ಟೋಸಿನ್ ಅಬಾಸಿ ಹೆಬ್ಬೆರಳಿನಿಂದ ತಂತಿಗೆ ಹೊಡೆಯುವುದನ್ನು ನೋಡಿದ ಮೇಲೆ ನನಗೆ ಬೇರೆ ಗಿಟಾರ್ ಸಪ್ಪೆ ಆಯಿತು. ಬೇಸ್ ಗಿಟಾರ್ ನುಡಿಸುವವರ ಕೈಚಳಕ ಅದು. ಹೆಬ್ಬೆರಳು ಕೆಳಗೆ ಇಳಿಯುವಾಗ ಒಂದು ಏಟು, ಮೇಲೆ ಬರುವಾಗ ಅದೇ ಬೆರಳಿನ ಉಗುರಿನ ಪಕ್ಕದಿಂದ ಇನ್ನೊಂದು, ನಡುವೆ ತೋರುಬೆರಳು ತಂತಿಯನ್ನು ಎತ್ತಿ ಬಿಡುತ್ತದೆ. ಅದನ್ನು ಡಿಸ್ಟಾರ್ಶನ್ ಹಾಕಿದ ಎಂಟು ತಂತಿಯ ಮೇಲೆ ಮಾಡಿದರೆ ಗಿಟಾರೇ ಡ್ರಮ್ ಆಗುತ್ತದೆ. ಈ ಆಲ್ಬಂನ ದಿ ವೋವನ್ ವೆಬ್ ಕೇಳಿ, ಗೊತ್ತಾಗುತ್ತದೆ.

ಸೆಕೆಂಡ್ ಹ್ಯಾಂಡ್ ಎಂಟು ತಂತಿಯ ಗಿಟಾರ್‌ಗೆ 34,000 ಕೊಟ್ಟೆ. ಅದರ ಎಂಟನೇ ತಂತಿ .065 ಇಂಚಿನದು, ತೆಳು. ಎಫ್ ಶಾರ್ಪ್‌ನಲ್ಲಿ ಹೇಗೋ ನಿಲ್ಲುತ್ತಿತ್ತು. ಅಬಾಸಿ ಹಾಗೆ ಇನ್ನೂ ಕೆಳಗೆ ಇ ಸ್ವರಕ್ಕೆ ಇಳಿಸಿದರೆ ಜೋತಾಡುತ್ತಿತ್ತು. .080 ತಂತಿ ಇಲ್ಲಿ ಬಿಡಿಯಾಗಿ ಸಿಗಲಿಲ್ಲ, ಹೊರಗಿನಿಂದ ತರಿಸಿದೆ. ತಂತಿಗಿಂತ ಸಾಗಣೆಗೆ ಜಾಸ್ತಿ ಆಯಿತು. ಬಂದ ತಂತಿ ನಟ್‌ನ, ಅಂದರೆ ಕುತ್ತಿಗೆಯ ತುದಿಯ ಪಟ್ಟಿಯ, ಗೀರಿನಲ್ಲಿ ಕೂರಲಿಲ್ಲ. ರಿಪೇರಿಯವನು ಉಜ್ಜಿದ. ಜಾಸ್ತಿ ಉಜ್ಜಿದ. ಮೊದಲ ಫ್ರೆಟ್‌ಗೆ ತಾಗಿ ಬರ್ರ್ ಅನ್ನುತ್ತಿತ್ತು. ಅವನಿಗೆ 1,200 ಕೊಟ್ಟದ್ದು ಹೋಯಿತು. ಇನ್ನೊಬ್ಬರ ಹತ್ತಿರ ಹೊಸ ನಟ್ ಕೂರಿಸಿ, ಪೂರ್ತಿ ಸೆಟಪ್ ಮಾಡಿಸಿ 4,300. ಆಮೇಲೆ ಮನೆಯ ಸಣ್ಣ ಆಂಪ್‌ನಲ್ಲಿ ಆ ಸ್ವರ ಬರುವುದೇ ಇಲ್ಲ ಅಂತ ತಿಳಿಯಿತು. ಅದನ್ನು ಮಾರಿ ಆಡಿಯೋ ಇಂಟರ್‌ಫೇಸ್ ಕೊಂಡೆ, ಮೇಲೆ 9,000 ಹಾಕಿದೆ.

ಈಗ ವೋವನ್ ವೆಬ್‌ನ ಮೊದಲ ಭಾಗ ಮುಕ್ಕಾಲು ವೇಗದಲ್ಲಿ ಸ್ವಚ್ಛವಾಗಿ ಬರುತ್ತದೆ. ನಿಮಗೆ ಆಲ್ಬಂ ಅರ್ಥವಾಗಲಿಲ್ಲ ಅಂದರೆ ಕಾರಣ ಇಷ್ಟೇ, ಕೈ ಹಾಕಿಲ್ಲ.

ಕಿವಿ ಸಾಕು:
ಇಡ್ಲಿ ತಿನ್ನುವುದಕ್ಕೆ ಗ್ರೈಂಡರ್ ಕೊಳ್ಳಬೇಕಾ ಸ್ವಾಮಿ?

ನಾನು ಒಂದು ಸ್ವರವನ್ನೂ ನುಡಿಸಿದವನಲ್ಲ. ಈ ಬ್ಯಾಂಡನ್ನು 2009ರ ಆಲ್ಬಂನಿಂದ ಕೇಳುತ್ತಾ ಬಂದಿದ್ದೇನೆ. ಗಿಟಾರ್ ಕೊಂಡವರದ್ದು ಒಂದೇ ರಗಳೆ. ಹಾಡು ಕೇಳುವುದಿಲ್ಲ, ಬೆರಳು ಎಣಿಸುತ್ತಾರೆ.

ಸಮಸ್ಯೆ ಇರುವುದು ಕೇಳುವ ಸಾಮಾನಿನಲ್ಲಿ. ಮಾಮೂಲಿ ಆರು ತಂತಿಯ ಗಿಟಾರಿನ ಅತಿ ಕೆಳಗಿನ ಸ್ವರ ಸುಮಾರು 82 ಹರ್ಟ್ಜ್. ಎಂಟು ತಂತಿಯದು ಎಫ್ ಶಾರ್ಪ್‌ನಲ್ಲಿ 46, ಇ ಸ್ವರಕ್ಕೆ ಇಳಿಸಿದರೆ 41. ಲ್ಯಾಪ್‌ಟಾಪ್ ಸ್ಪೀಕರ್ ಅಲ್ಲಿಗೆ ಹೋಗುವುದೇ ಇಲ್ಲ. ನಿಮಗೆ ಕೇಳುವುದು ಆ ಸ್ವರದ ಮೇಲಿನ ಸಿಪ್ಪೆ ಮಾತ್ರ, ಕಟಕಟ ಅಂತ. ನಾನೂ ಅದನ್ನೇ ಕೇಳಿ ಬೈದುಕೊಂಡು ಓಡಾಡಿದ್ದೆ. ಆಮೇಲೆ ಹೆಡ್‌ಫೋನ್‌ಗೆ 11,500 ಹಾಕಿದೆ. ಅದಕ್ಕೆ ಫೋನ್‌ನ ಶಕ್ತಿ ಸಾಲದು ಅಂತ ಆಂಪ್ ಸೇರಿದ ಒಂದು ಡ್ಯಾಕ್, ಫೋನಿನ ಡಿಜಿಟಲ್ ಸದ್ದನ್ನು ಹೆಡ್‌ಫೋನ್‌ಗೆ ಹೊಂದಿಸುವ ಪೆಟ್ಟಿಗೆ, 7,000. ಎಡಗಡೆ ಕೇಬಲ್ ವಾರಂಟಿ ಮುಗಿದ ಮರುವಾರವೇ ಸತ್ತಿತು. ಹೊಸ ಕೇಬಲ್ 1,900, ಬರೀ ದಾರ! ಕಿವಿಯ ಮೆತ್ತೆ ಪುಡಿಪುಡಿಯಾಗಿ ಕೆನ್ನೆಗೆಲ್ಲ ಕಪ್ಪು ಅಂಟುತ್ತಿತ್ತು. ಅದಕ್ಕೆ ಮತ್ತೆ 1,400.

ಅಷ್ಟೆಲ್ಲ ಆದ ಮೇಲೂ ನನ್ನ ಮತ 2009ರದ್ದಕ್ಕೇ. ಅಬಾಸಿ ಆಗ ಒಬ್ಬನೇ. ಹಳೆಯ ಬ್ಯಾಂಡ್ ರಿಫ್ಲಕ್ಸ್ ಒಡೆದಿತ್ತು. ಪ್ರಾಸ್ಥೆಟಿಕ್ ರೆಕಾರ್ಡ್ಸ್‌ನವರು ಒಂಟಿ ಆಲ್ಬಂ ಮಾಡು ಅಂದಾಗ ಮೊದಲು ಬೇಡ ಅಂದ, ಅಟ್ಲಾಂಟಾಕ್ಕೆ ಹೋಗಿ ಸಂಗೀತ ಓದಿಕೊಂಡು ಬಂದ, ಆಮೇಲೆ ಮಾಡಿದ. ಗಿಟಾರ್, ಬೇಸ್ ಅವನದೇ. ಪೆರಿಫೆರಿ ಬ್ಯಾಂಡಿನ ಮಿಷಾ ಮನ್ಸೂರ್ ರೆಕಾರ್ಡ್ ಮಾಡಿ ಡ್ರಮ್ಸ್ ಪ್ರೋಗ್ರಾಂ ಮಾಡಿಕೊಟ್ಟ. ಹಸಿವು ಇತ್ತು ಅದರಲ್ಲಿ. ಜಾಯ್ ಆಫ್ ಮೋಷನ್ ತುಂಬಾ ನುಣುಪು. ಅದರಲ್ಲಿ ಅನದರ್ ಇಯರ್ ಹಾಡು ಬಂದಾಗಲಂತೂ ಯಾವುದೋ ಹೋಟೆಲ್ ಲಿಫ್ಟ್‌ನಲ್ಲಿ ನಿಂತ ಹಾಗನಿಸುತ್ತದೆ.

ಹುಬ್ಬಳ್ಳಿ ಡಬಲ್ ಪೆಡಲ್:
ಡ್ರಮ್ಸ್ ಪ್ರೋಗ್ರಾಂ ಮಾಡಿದ ಆಲ್ಬಂನಲ್ಲಿ "ಹಸಿವು" ಇತ್ತಂತೆ. ಯಾರ ಹಸಿವು ರೀ, ಕಂಪ್ಯೂಟರಿಂದಾ?

ಜಾಯ್ ಆಫ್ ಮೋಷನ್ ಅಂದರೆ ಡ್ರಮ್ಮರ್ ಮ್ಯಾಟ್ ಗಾರ್ಸ್ಟ್ಕಾ. 2012ರಲ್ಲಿ ಬ್ಯಾಂಡಿಗೆ ಬಂದ. ಅವನು ನುಡಿಸಿದ ಮೊದಲ ಆಲ್ಬಂ ಇದು. ನಡುವೆ 2011ರ ವೇಟ್‌ಲೆಸ್‌ನಲ್ಲಿ ನವೀನ್ ಕೊಪರ್‌ವೈಸ್ ಇದ್ದ. ಹೆಸರು ನೋಡಿ ನಮ್ಮ ಕಡೆಯವನು ಅಂದುಕೊಳ್ಳಬೇಡಿ, ಅಮೆರಿಕದವನೇ. ಗಾರ್ಸ್ಟ್ಕಾ ಬಂದ ಮೇಲೆ ಹಾಡು ಉಸಿರಾಡಿತು. ಗಿಟಾರ್ ಗೋಜಲು ಹಾಕುತ್ತಿರುತ್ತದೆ, ಇವನು ಸ್ನೇರ್ ಮೇಲೆ ಮೆಲ್ಲಗೆ, ಕೇಳಿತೋ ಇಲ್ಲವೋ ಅನ್ನುವ ಹಾಗೆ ಚಿಕ್ಕ ಏಟು ಬಿಡುತ್ತಾನೆ. ಲಿಪಿನ್‌ಕಾಟ್ ಹಾಡಿನಲ್ಲಿ ಅವನ್ನೇ ಹಿಡಿದು ಕೇಳಿ. ಪ್ರೋಗ್ರಾಂ ಮಾಡುವವರಿಗೆ ಆ ಚಿಕ್ಕ ಏಟು ಬೇಕು ಅಂತಲೇ ಹೊಳೆಯುವುದಿಲ್ಲ.

ನಾನು ಇದನ್ನು ಕಲಿಯಲು ಹೋಗಿ ಮನೆ ಬದಲಿಸಿದವನು. ಅಕೌಸ್ಟಿಕ್ ಕಿಟ್ ಇತ್ತು. ಕೆಳಗಿನ ಮನೆಯವರು ಮಾಲೀಕರಿಗೆ ಹೇಳಿದರು, ಮಾಲೀಕರು ಅಡ್ವಾನ್ಸ್ ವಾಪಸ್ ಕೊಟ್ಟರು. ಬಣ್ಣ ಬಳಿಸುವುದಕ್ಕೆ ಅಂತ ಅದರಲ್ಲೂ 12,000 ಹಿಡಿದರು. ನಾನು ಡ್ರಮ್ ಬಾರಿಸಿದ್ದು, ಗೋಡೆ ಅಲ್ಲ! ಆಮೇಲೆ ಎಲೆಕ್ಟ್ರಾನಿಕ್ ಕಿಟ್, ಸಾಲದ ಕಂತಿನಲ್ಲಿ, 62,000. ಅದರ ಕಿಕ್ ಪ್ಯಾಡ್ ಡಬಲ್ ಪೆಡಲ್ ತಡೆಯಲಿಲ್ಲ. ಎಡಗಾಲಿನ ಏಟು ಎರಡರಲ್ಲಿ ಒಂದು ಮಾತ್ರ ದಾಖಲಾಗುತ್ತಿತ್ತು. ಅಂಗಡಿಯವರು "ನಿಮ್ಮ ಕಾಲು ಸರಿ ಇಲ್ಲ" ಅಂದರು. ಮುಖಕ್ಕೇ ಅಂದರು. ದೊಡ್ಡ ಪ್ಯಾಡ್ ನಾನೇ ಕೊಂಡು ಹಾಕಿದೆ, ಅದೇ ಕಾಲು, ಎಲ್ಲ ಏಟೂ ಬಿತ್ತು. ಕಂತು ಇನ್ನೂ ನಡೆಯುತ್ತಿದೆ.

ಕಿವಿ ಸಾಕು:
ಪಾಪ ಕೆಳಗಿನ ಮನೆಯವರು.

ಹುಬ್ಬಳ್ಳಿ ಡಬಲ್ ಪೆಡಲ್:
ಡ್ಯಾಕ್ ಹಾಕಿಕೊಂಡು ಎಂಪಿತ್ರೀ ಕೇಳುವವರು ಮಾತಾಡಬಾರದು.

ಮುಕ್ತಾಯ:
ಮೃದಂಗ ಕಲಿತವನು ನಾನು. ತಂಗಿಯ ಮಗನಿಂದ ಈ ಸಂಗೀತ ಮನೆಗೆ ಬಂತು. ಮೊದಲು ಬಾಗಿಲು ಹಾಕಿಕೊಳ್ಳೋ ಅಂದಿದ್ದೆ. ಊಟಕ್ಕೆ ಕೂತಾಗ ಕೈ ತಾನಾಗಿ ತೊಡೆಯ ಮೇಲೆ ತಾಳ ಹಾಕುತ್ತಿತ್ತು.

ನೀವೆಲ್ಲ ಬೆರಳು, ಹರ್ಟ್ಜ್ ಅಂತ ಕೂತಿದ್ದೀರಿ. ಇದಕ್ಕೆ ಬೇಕಾದ್ದು ಲೆಕ್ಕ. ಡ್ರಮ್‌ನ ಸಿಂಬಲ್ ನಾಲ್ಕರಲ್ಲಿ ನೆಟ್ಟಗೆ ನಡೆಯುತ್ತಿರುತ್ತದೆ. ಗಿಟಾರ್ ಅದರ ಮೇಲೆ ಏಳರದ್ದೋ ಐದರದ್ದೋ ತುಂಡು ಸುತ್ತಿಸುತ್ತದೆ. ಬಾಯಲ್ಲಿ ಹೇಳಿ ನೋಡಿ: ತಕಿಟ ತಕದಿಮಿ, ತಕಿಟ ತಕದಿಮಿ. ಕೈಯಲ್ಲಿ ನಾಲ್ಕು ಹಾಕಿ, ಒಂದು ಏಟಿಗೆ ನಾಲ್ಕು ಅಕ್ಷರ. ತಾಳದ ಒಂದು ಸುತ್ತಿಗೆ, ಅಂದರೆ ಆವರ್ತಕ್ಕೆ, ಹದಿನಾರು ಅಕ್ಷರ. ಏಳರ ತುಂಡು ಹಾಗೇ ಬಿಟ್ಟರೆ ಏಳು ಆವರ್ತ ಕಳೆದು ಸಮಕ್ಕೆ, ಅಂದರೆ ತಾಳದ ಮೊದಲ ಏಟಿಗೆ, ಬರುತ್ತದೆ. ಇದು ಬಾಯಿಗೆ ಕೂತರೆ ಗುನುಗಲು ರಾಗ ಬೇಕಿಲ್ಲ, ಇದೇ ಗುನುಗು. ನಮ್ಮ ಬೆಂಗಳೂರಿನ ಮೃದಂಗ ವಾದಕ ಬಿ.ಸಿ. ಮಂಜುನಾಥ್ ಅವರು ಫಿಬೊನಾಚಿ ಸಂಖ್ಯೆಗಳನ್ನು (ಹಿಂದಿನ ಎರಡು ಕೂಡಿದರೆ ಮುಂದಿನದು) ಕೊನ್ನಕ್ಕೋಲ್‌ನಲ್ಲಿ, ಅಂದರೆ ಬಾಯಲ್ಲೇ ಲಯ ನುಡಿಸುವ ಕಲೆಯಲ್ಲಿ, ಹೇಳಿದ್ದನ್ನು ಜಗತ್ತೇ ನೋಡಿತು. ಸ್ವೀಡನ್ನಿನ ಗಿಟಾರಿಸ್ಟ್ ಮಟಿಯಾಸ್ ಎಕ್ಲುಂಡ್ ಜೊತೆಗೂ ಅವರು ನುಡಿಸಿದ್ದಾರೆ.

ಹೊಸದೇನಿಲ್ಲ ಇದರಲ್ಲಿ. ನಮ್ಮವರು ಮಾಡಿ ಮುಗಿಸಿದ ಲೆಕ್ಕ.

ಎಂಟನೇ ತಂತಿ:
ಶುರುವಾಯಿತು. ಎಲ್ಲವೂ ನಮ್ಮಲ್ಲೇ ಇತ್ತು! ಸಿಂಬಲ್ ನಾಲ್ಕರಲ್ಲಿ, ಗಿಟಾರ್ ಬೆಸದಲ್ಲಿ ಅಂತ ಮೆಟಲ್‌ಗೆ ತಂದವರು ಸ್ವೀಡನ್ನಿನ ಬ್ಯಾಂಡ್ ಮೆಶುಗಾ. ಎಂಟು ತಂತಿ ತಂದವರೂ ಅವರೇ, 2002ರ ನಥಿಂಗ್ ಆಲ್ಬಂ ಹೊತ್ತಿಗೆ. ಅವರು ಮೃದಂಗ ಕೇಳಿಕೊಂಡು ಕೂತಿರಲಿಲ್ಲ.

ಮುಕ್ತಾಯ:
ಮೆಶುಗಾವನ್ನೂ ಕೇಳಿಸಿದ್ದಾನೆ ಹುಡುಗ. ಬೆಸ ತುಂಡು ಸುತ್ತಿಸುತ್ತಾರೆ ಸರಿ. ನಾಲ್ಕೋ ಎಂಟೋ ಆವರ್ತ ಮುಗಿಯುವ ಹೊತ್ತಿಗೆ ಏನು ಮಾಡುತ್ತಾರೆ? ಕೊನೆಯ ತುಂಡನ್ನು ಕತ್ತರಿಸಿ ಎಸೆದು ಮತ್ತೆ ಒಂದರಿಂದ ಹಿಡಿಯುತ್ತಾರೆ. ನಮ್ಮಲ್ಲಿ ಹಾಗೆ ಮಾಡಿದರೆ ಗುರುಗಳು ಕೈ ಹಿಡಿದು ನಿಲ್ಲಿಸುತ್ತಿದ್ದರು. ಉಳಿದ ಅಕ್ಷರಕ್ಕೆ ಲೆಕ್ಕ ಹೊಂದಿಸಿ, ಮೂರು ಸಲ ಹೇಳಿ, ಸಮಕ್ಕೆ ಇಳಿಸಬೇಕು. ಅದಕ್ಕೇ ಮುಕ್ತಾಯ ಅನ್ನುವುದು, ನನ್ನ ಹೆಸರು ನೋಡಿ.

ಎಂಟನೇ ತಂತಿ:
ಕತ್ತರಿಸುವುದೇ ಅದರ ರುಚಿ. ನೀವು ಮೂರು ಸಲ ಹೇಳಿ ಇನ್ನೇನು ಬರುತ್ತೆ ಅಂತ ಮೊದಲೇ ತಿಳಿಸಿಬಿಡುತ್ತೀರಿ. ಇಲ್ಲಿ ನೆಲ ದಿಢೀರ್ ಅಂತ ಜಾರುತ್ತದೆ.

ಹುಬ್ಬಳ್ಳಿ ಡಬಲ್ ಪೆಡಲ್:
ಮೃದಂಗದವರ ಪರ ನಾನು. ತಕದಿಮಿ ಹೇಳಿಕೊಂಡೇ ಈ ಆಲ್ಬಂನ ಮೊದಲ ಹಾಡು ಕ್ಯಾಸ್ಕೇಡ್ ಕಲಿತೆ. ಆದರೆ ಸರ್, "ಹೊಸದೇನಿಲ್ಲ" ಅನ್ನುವುದು ಜಾಸ್ತಿ ಆಯಿತು. ಆ ಲೆಕ್ಕವನ್ನು ಎರಡು ಕಾಲಿಗೂ ಹಂಚಿ ನೋಡಿ ಒಮ್ಮೆ.

ಪ್ಯಾಲೇಸ್ ಗ್ರೌಂಡ್ಸ್ 2007:
ಕೇಳಿದವರು ಮೇಡನ್ ಕಾಲದವರು ಅಂದರಲ್ಲ, ಅವರ ಪ್ರಶ್ನೆಗೆ ಒಬ್ಬರಾದರೂ ಉತ್ತರ ಕೊಟ್ಟಿರಾ? 2007ರಲ್ಲಿ ಮೇಡನ್ ಬೆಂಗಳೂರಿಗೆ ಬಂದಾಗ ನಾನಿದ್ದೆ. ಹಾಡು ಗೊತ್ತಿಲ್ಲದವನೂ ಜೊತೆಗೆ ಕೂಗಿದ. ಅದು ಮೆಟಲ್. ಇದು ಪರೀಕ್ಷೆ ಪತ್ರಿಕೆ. ಮೂವರು ನೆಲ ನೋಡಿಕೊಂಡು ನುಡಿಸುತ್ತಾರೆ. ಹಾಡುವವನಿಲ್ಲ, ಬೇಸ್ ಹಿಡಿದವನೂ ಇಲ್ಲ.

ಇದೇ ಆಲ್ಬಂನ ರೆಕಾರ್ಡ್ ನಾನೂ ತರಿಸಿದೆ, ಎಲ್ಲರೂ ಹೊಗಳಿದರು ಅಂತ. ಸಾಗಣೆ 2,100. ಸುಂಕ ಎಷ್ಟು ಅಂತ ಮೊದಲು ಹೇಳಲಿಲ್ಲ, ಬಾಗಿಲಲ್ಲಿ ನಿಂತು 1,640 ಕೇಳಿದರು. ಮೇಲೆ ಯಾವುದೋ ನಿರ್ವಹಣಾ ಶುಲ್ಕ, ಅದಕ್ಕೆ ಬೇರೆ ತೆರಿಗೆ. ಪೆಟ್ಟಿಗೆ ಬಿಚ್ಚಿದರೆ ಕವರಿನ ಮೂಲೆ ಮಡಿಸಿಹೋಗಿದೆ, ಎರಡನೇ ರೆಕಾರ್ಡ್ ತಟ್ಟೆಯ ಅಂಚು ಎದ್ದಿದೆ. ಸೂಜಿ ಮೇಲೆ ಕೆಳಗೆ ಹೋಗುತ್ತದೆ. ಮಾರಿದವರಿಗೆ ಫೋಟೋ ಕಳಿಸಿದೆ. ವಾಪಸ್ ಕಳಿಸಿ, ಖರ್ಚು ನಿಮ್ಮದು ಅಂದರು. ವಾಪಸ್ ಕಳಿಸುವ ಖರ್ಚು ರೆಕಾರ್ಡ್‌ಗಿಂತ ಜಾಸ್ತಿ! ಗಾಜಿನ ಎರಡು ಹಲಗೆ ನಡುವೆ ಇಟ್ಟು ಮೇಲೆ ಪುಸ್ತಕ ಹೇರಿದೆ. ಸ್ವಲ್ಪ ಇಳಿಯಿತು. ಪ್ಯಾರಾ ಮೆಶೇರ್ ಹಾಡು ಮಾತ್ರ ಕೇಳುತ್ತೇನೆ, ಅದರಲ್ಲಿ ನೈಲಾನ್ ತಂತಿ, ಕಿವಿಗೆ ತಂಪು. ಉಳಿದದ್ದೆಲ್ಲ ಟೈಪಿಂಗ್.

ಎಂಟನೇ ತಂತಿ:
ಟೈಪಿಂಗ್ ಅಂತೆ. ಇದರಲ್ಲಿನ ಏರ್ ಕ್ರಿಸಲಿಸ್ ಹಾಡು ಗುನುಗಲು ಬರದಿದ್ದರೆ ಕಿವಿ ತೋರಿಸಿಕೊಳ್ಳಿ.

ಪ್ಯಾಲೇಸ್ ಗ್ರೌಂಡ್ಸ್ 2007:
ಮುಕ್ಕಾಲು ವೇಗದವರು ಹೇಳಬೇಡಿ.

ಕಿವಿ ಸಾಕು:
ಇದೊಂದು ಮಾತು ಒಪ್ಪಿದೆ.

ತುಮಕೂರು ಕ್ಲೀನ್ ಟೋನ್:
ಗಲಾಟೆ ನಡುವೆ ನನ್ನದೂ ಒಂದು. ಈ ಬ್ಯಾಂಡಿನ ಇನ್ನೊಬ್ಬ ಗಿಟಾರಿಸ್ಟ್ ಹಾವಿಯೆರ್ ರೆಯೆಸ್ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಅಬಾಸಿ ಓಡುತ್ತಿರುವಾಗ ಕೆಳಗೆ ಕಾರ್ಡ್ ಹಿಡಿದು ನಿಲ್ಲಿಸುವವನು ಅವನು. ಎಡಕಿವಿ, ಬಲಕಿವಿ ಬೇರೆ ಬೇರೆ ಮಾಡಿ ಕೇಳಿ. ನನಗೆ ಆಲ್ಬಂ ತೆರೆದುಕೊಂಡದ್ದು ದಿ ಫ್ಯೂಚರ್ ದಟ್ ಅವೇಟೆಡ್ ಮಿ ಇಂದ. ಮೊದಲ ಹಾಡಿನಿಂದ ಶುರು ಮಾಡಲೇಬಾರದು. ಆಮೇಲೆ ಬಂದ 2016ರ ದಿ ಮ್ಯಾಡ್‌ನೆಸ್ ಆಫ್ ಮೆನಿ ಒಣ ಅನ್ನಿಸಿತು, 2022ರ ಪ್ಯಾರೇಸಿಯಾ ಕೇಳಿ ಮತ್ತೆ ಸಮಾಧಾನ ಆಯಿತು. ಅದು ನನ್ನ ರುಚಿ.

ನಾನು ಏಳು ತಂತಿಯಲ್ಲೇ ನಿಂತೆ. ಎಂಟನೆಯದಕ್ಕೆ ಕುತ್ತಿಗೆ ಅಗಲ, ನನ್ನ ಬೆರಳು ಗಿಡ್ಡ. ಮಣಿಕಟ್ಟು ನೋವು ಬಂದು ಫಿಸಿಯೋಥೆರಪಿಗೆ ಒಂದು ಸಲಕ್ಕೆ 600ರಂತೆ ಕೊಟ್ಟೆ. ಅವರು "ಮೌಸ್ ಜಾಸ್ತಿ ಬಳಸುತ್ತೀರಾ" ಅಂತ ಕೇಳಿದರು. ಹೌದು ಅಂದೆ, ಏನು ವಿವರಿಸುವುದು.

ಎಂಟನೇ ತಂತಿ:
ಏಳು ತಂತಿಯಲ್ಲಿ ಈ ಹಾಡು ನುಡಿಸುವುದು ಸುಮ್ನೆ ಸಮಾಧಾನಕ್ಕೆ.

ತುಮಕೂರು ಕ್ಲೀನ್ ಟೋನ್:
ಮೆಶುಗಾ ನಿಮ್ಮ ದೇವರು ಅಲ್ವಾ? ನಥಿಂಗ್‌ಗೆ ಎಂಟು ತಂತಿಯ ಗಿಟಾರ್ ಕೈಕೊಟ್ಟಾಗ ಏಳು ತಂತಿಯನ್ನೇ ಕೆಳಗಿಳಿಸಿ ರೆಕಾರ್ಡ್ ಮಾಡಿದರು. ಎಂಟು ತಂತಿಯಲ್ಲಿ ಮತ್ತೆ ನುಡಿಸಿ ಬಿಟ್ಟದ್ದು 2006ರಲ್ಲಿ. ಮೇಲೆ 2002 ಅಂತ ಜೋರಾಗಿ ಬರೆದವರು ನೀವೇ.

ಎಂಟನೇ ತಂತಿ:
ಹೊತ್ತಿಗೆ ಅಂದೆ. ಆ ಹೊತ್ತಿಗೆ.

ಮೇಡನ್ ಕಾಲದವನು:
ಸರಿ, ತರಿಸಲಾ ಬೇಡವಾ?

ಎಂಟನೇ ತಂತಿ:
ತರಿಸಿ.

ಕಿವಿ ಸಾಕು:
ಮೊದಲು ಹೆಡ್‌ಫೋನ್. ರೆಕಾರ್ಡ್ ಆಮೇಲೆ. ತರಿಸುವುದಾದರೆ 2009ರದ್ದು.

ಪ್ಯಾಲೇಸ್ ಗ್ರೌಂಡ್ಸ್ 2007:
ಹೊಸದು ಯಾಕೆ, ನನ್ನದೇ ತಗೊಳ್ಳಿ. 2,800. ಅಂಚು ಎದ್ದಿರುವುದು ಮೊದಲೇ ಹೇಳಿದ್ದೇನೆ.

ಹುಬ್ಬಳ್ಳಿ ಡಬಲ್ ಪೆಡಲ್:
ಟೈಪಿಂಗ್‌ಗೆ 2,800 ಕೇಳ್ತೀರಲ್ಲ ರೀ. ಎರಡು ಸಾವಿರ ಆದರೆ ನಾನು ತಗೊಳ್ಳುತ್ತೇನೆ.

ಪ್ಯಾಲೇಸ್ ಗ್ರೌಂಡ್ಸ್ 2007:
ಅವರು ಮೊದಲು ಹೇಳಲಿ. ಸುಂಕ ಕಟ್ಟಿದ ರಸೀದಿ ಇದೆ, ಬೇಕಾದರೆ ಕಳಿಸುತ್ತೇನೆ. 2,600ಕ್ಕಿಂತ ಕೆಳಗೆ ಇಳಿಯುವುದಿಲ್ಲ.