ಬಿದ್ದ ಮೇಲೆ ಬೈಕ್ ಹ್ಯಾಂಡಲ್ ಓರೆಯಾಗಿದೆ, ಮನೆಯಲ್ಲೇ ಸರಿ ಮಾಡಬಹುದಾ?

ಪ್ರಶ್ನೆ (ನಾಪೋಕ್ಲು): ಅಣ್ಣ, ಮೊನ್ನೆ ಮಳೆಯಲ್ಲಿ ಮೂರ್ನಾಡಿಗೆ ಹೋಗುವಾಗ ತಿರುವಿನಲ್ಲಿ ಬಿದ್ದೆ. ರಸ್ತೆ ತುಂಬ ಸಿಲ್ವರ್ ಮರದ ಎಲೆ, ಮುಂದಿನ ಚಕ್ರ ಜಾರಿ ಬೇಲಿ ಕಲ್ಲಿಗೆ ತಾಗಿತು. ವೇಗ 20ರ ಆಸುಪಾಸು ಇತ್ತು. ಮೊಣಕೈ ತರಚಿದೆ ಅಷ್ಟೇ. ಬೈಕ್ ಸ್ಪ್ಲೆಂಡರ್. ಈಗ ನೇರ ಹೋಗಬೇಕಾದರೆ ಹ್ಯಾಂಡಲ್ ಎಡಕ್ಕೆ ತಿರುಗಿಸಿ ಹಿಡಿಯಬೇಕು. ಹ್ಯಾಂಡಲ್ ಬೆಂಡ್ ಆಗಿದೆ, ಹೊಸದು ಹಾಕಿಸು ಅಂತ ಒಬ್ಬರು ಹೇಳಿದರು. ಚಕ್ರವನ್ನು ಮರಕ್ಕೆ ಒತ್ತಿ ಜೋರಾಗಿ ಎಳೆ, ಸರಿಯಾಗುತ್ತೆ ಅಂತ ಇನ್ನೊಬ್ಬರು. ಏನು ಮಾಡಲಿ? ದಿನಾ ಮಡಿಕೇರಿಗೆ ಕೆಲಸಕ್ಕೆ ಹೋಗಬೇಕು.

ಉತ್ತರ (ಮೆಕ್ಯಾನಿಕ್, ಗೋಣಿಕೊಪ್ಪ): ನಿಮಗೆ ಏನೂ ಆಗಿಲ್ಲವಲ್ಲ, ಅದು ಮುಖ್ಯ. ಮರಕ್ಕೆ ಒತ್ತಿ ಎಳೆಯುವ ಕೆಲಸ ಮಾತ್ರ ಮಾಡಬೇಡಿ. ಬೋಲ್ಟ್ ಬಿಗಿ ಇರುವಾಗ ಎಳೆದರೆ ಸರಿ ಇರುವ ಪೈಪೂ ಹಾಳಾಗಬಹುದು.

ನೀವು ಹೇಳಿದ ತರಹದ ಪೆಟ್ಟಿಗೆ ಹ್ಯಾಂಡಲ್ ಬೆಂಡ್ ಆಗಿರಲೇಬೇಕು ಅಂತಿಲ್ಲ. ಮುಂದಿನ ಚಕ್ರದ ಎರಡು ಪಕ್ಕ ನಿಂತಿರುವ ಪೈಪುಗಳೇ ಫೋರ್ಕ್. ಅವೆರಡನ್ನೂ ಮೇಲೊಂದು, ಕೆಳಗೊಂದು ಟೀ, ಅಂದರೆ ಲೋಹದ ಅಡ್ಡ ತುಂಡು, ಹಿಡಿದಿರುತ್ತದೆ. ಬರೀ ಬೋಲ್ಟಿನ ಬಿಗಿಯಲ್ಲಿ ನಿಂತಿರುವುದು. ಚಕ್ರಕ್ಕೆ ಪಕ್ಕದಿಂದ ಪೆಟ್ಟು ಬಿದ್ದಾಗ ಪೈಪ್ ಆ ಹಿಡಿತದಲ್ಲೇ ಸ್ವಲ್ಪ ಜಾರಿ ತಿರುಚಿಕೊಳ್ಳುತ್ತದೆ. ಆಗ ಚಕ್ರ ಒಂದು ಕಡೆ, ಹ್ಯಾಂಡಲ್ ಒಂದು ಕಡೆ. ಯಾವ ಭಾಗವೂ ಮುರಿದಿರುವುದಿಲ್ಲ.

ಮೊದಲು ನೋಡಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ. ಸೆಂಟರ್ ಸ್ಟ್ಯಾಂಡ್ ಹಾಕಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ. ಹತ್ತಿರದ ಫೋರ್ಕ್ ಪೈಪ್ ಆಚೆಯ ಪೈಪನ್ನು ಪೂರ್ತಿ ಮರೆ ಮಾಡಬೇಕು. ಮೇಲೆ ಮರೆಯಾಗಿ ಕೆಳಗೆ ಆಚೆಯದು ಇಣುಕಿದರೆ ತಿರುಚಿದೆ ಅಂತ ಅರ್ಥ. ಇನ್ನೂ ಖಾತ್ರಿ ಬೇಕಾದರೆ ಅಂಗೈ ಅಗಲದ ದಪ್ಪ ಗಾಜಿನ ತುಂಡನ್ನು ಕೆಳಗಿನ ಟೀ ಕೆಳಗೆ ಹೊಳೆಯುವ ಎರಡೂ ಪೈಪಿಗೆ ಅಡ್ಡಲಾಗಿ ಒತ್ತಿ ಹಿಡಿಯಿರಿ. ಎರಡು ಪೈಪಿಗೂ ತಾಗುವಷ್ಟು ಉದ್ದ ಇರಲಿ. ನಾಲ್ಕು ಮೂಲೆಯೂ ಕೂತರೆ ಸರಿ, ಗಾಜು ಟಕ್ ಟಕ್ ಅಂತ ಅಲ್ಲಾಡಿದರೆ ತಿರುಚಿದೆ.

ಹ್ಯಾಂಡಲ್ ಬೆಂಡ್ ಆಗಿದ್ದರೆ ಬೇರೆ ತರಹ ಕಾಣುತ್ತದೆ. ಟ್ಯಾಂಕ್ ಕಡೆಯಿಂದ ನೋಡಿದಾಗ ಒಂದು ಹಿಡಿ ಮೇಲೆ, ಒಂದು ಕೆಳಗೆ ಇರುತ್ತದೆ. ಹಾಗಿದ್ದರೆ ಹೊಸದೇ ಹಾಕಿ.

ಪ್ರಶ್ನೆ (ನಾಪೋಕ್ಲು): ಗಾಜು ಅಲ್ಲಾಡ್ತಿದೆ ಅಣ್ಣ. ಎರಡೂ ಹಿಡಿ ಒಂದೇ ಮಟ್ಟದಲ್ಲಿವೆ.

ಉತ್ತರ: ಹಾಗಾದರೆ ಮನೆಯಲ್ಲೇ ಆಗುವ ಕೆಲಸ. ಒಂದು ಮಾತ್ರ ಮೊದಲೇ ನೋಡಿಬಿಡಿ. ಟ್ಯಾಂಕಿನ ಮುಂದೆ, ಹ್ಯಾಂಡಲ್ ಕೆಳಗೆ ಫ್ರೇಮಿನ ಕುತ್ತಿಗೆ ಇದೆಯಲ್ಲ, ಅದನ್ನು ಬಟ್ಟೆಯಲ್ಲಿ ಒರೆಸಿ ಟಾರ್ಚ್ ಹಾಕಿ. ವೆಲ್ಡಿಂಗ್ ಹತ್ತಿರ ಪೇಂಟ್ ಸುಕ್ಕುಗಟ್ಟಿದ್ದರೆ, ಕೂದಲೆಳೆ ಬಿರುಕು ಕಂಡರೆ ಬೈಕ್ ಓಡಿಸಬೇಡಿ, ಗಾಡಿಯಲ್ಲಿ ಹಾಕಿಕೊಂಡು ವರ್ಕ್‌ಶಾಪಿಗೆ ತನ್ನಿ.

ಕುತ್ತಿಗೆ ಸರಿ ಇದ್ದರೆ ಮುಂದಿನ ಚಕ್ರದ ನಡುವಿನ ಆಕ್ಸಲ್ ನಟ್, ಮಡ್‌ಗಾರ್ಡ್ ಬೋಲ್ಟ್, ಕೆಳಗಿನ ಟೀಯ ಎರಡು ಬೋಲ್ಟ್, ಮೇಲಿನ ಟೀಯ ಬೋಲ್ಟ್ ಮತ್ತು ಅದರ ನಡುವಿನ ನಟ್ ಸಡಿಲ ಮಾಡಿ. ಅರ್ಧ ಸುತ್ತು ಸಾಕು. ಜಾಸ್ತಿ ಬಿಚ್ಚಿದರೆ ಪೈಪ್ ಟೀಯಿಂದ ಕೆಳಗೆ ಜಾರುತ್ತದೆ. ಮಡ್‌ಗಾರ್ಡ್ ಬೋಲ್ಟ್ ಮರೆಯುವವರು ತುಂಬಾ ಜನ. ಅದು ಫೋರ್ಕಿನ ಎರಡು ಕಾಲನ್ನೂ ಕಟ್ಟಿ ಹಿಡಿದಿರುತ್ತದೆ, ಬಿಗಿ ಇದ್ದರೆ ಎಷ್ಟು ತಿರುಗಿಸಿದರೂ ವಾಪಸ್ ಬರುತ್ತದೆ.

ಈಗ ಬೈಕಿನ ಮುಂದೆ ನಿಂತು ಚಕ್ರವನ್ನು ಎರಡು ಮೊಣಕಾಲ ನಡುವೆ ಗಟ್ಟಿಯಾಗಿ ಹಿಡಿದು ಹ್ಯಾಂಡಲನ್ನು ಬೇಕಾದ ಕಡೆ ತಿರುಗಿಸಿ. ಜೋರು ಬೇಡ, ಬೋಲ್ಟ್ ಸಡಿಲ ಇದ್ದರೆ ಸಲೀಸಾಗಿ ಬರುತ್ತದೆ. ಮತ್ತೆ ಗಾಜು ಇಟ್ಟು ನೋಡಿ. ಕೂತ ಮೇಲೆ ಕೆಳಗಿನ ಟೀ, ಮೇಲಿನ ಟೀ, ನಡುವಿನ ನಟ್ ಬಿಗಿ ಮಾಡಿ. ಸ್ಟ್ಯಾಂಡ್ ಇಳಿಸಿ ಮುಂದಿನ ಬ್ರೇಕ್ ಹಿಡಿದು ಫೋರ್ಕನ್ನು ನಾಲ್ಕೈದು ಸಲ ಒತ್ತಿ. ಕಾಲುಗಳು ತಮ್ಮ ಜಾಗಕ್ಕೆ ಬರುತ್ತವೆ. ಬ್ರೇಕ್ ಹಿಡಿದುಕೊಂಡೇ ಆಕ್ಸಲ್ ಬಿಗಿ ಮಾಡಿ, ಕೊನೆಗೆ ಮಡ್‌ಗಾರ್ಡ್. ಟಾರ್ಕ್ ರೆಂಚ್ (ಬಿಗಿ ಅಳೆದು ತೋರಿಸುವ ಸ್ಪ್ಯಾನರ್) ಇಲ್ಲದಿದ್ದರೆ ಹತ್ತಿರದ ವರ್ಕ್‌ಶಾಪಿನಲ್ಲಿ ಒಮ್ಮೆ ಬಿಗಿ ನೋಡಿಸಿ. ಮುಂದಿನ ಚಕ್ರದ ವಿಷಯ, ಅಂದಾಜಿಗೆ ಬಿಡಬೇಡಿ.

ಪ್ರಶ್ನೆ (ಕುಶಾಲನಗರ): ನನ್ನ ಸ್ಕೂಟರೂ ಬಿದ್ದ ಮೇಲೆ ಹೀಗೇ ಎಳೆಯುತ್ತೆ ಅಣ್ಣ. ಇದೇ ತರಹ ಮಾಡಬಹುದಾ?

ಉತ್ತರ: ಬೇಡ ಅಕ್ಕ. ಸಾಮಾನ್ಯವಾಗಿ ಸ್ಕೂಟರಿಗೆ ಎರಡು ಟೀ ಇರುವುದಿಲ್ಲ, ಒಂದೇ ಕಂಬದ ಮೇಲೆ ಹ್ಯಾಂಡಲ್ ಕೂತಿರುತ್ತದೆ. ಓರೆಯಾಗಿದ್ದರೆ ಕಂಬವೋ ಫೋರ್ಕೋ ಬೆಂಡ್ ಆಗಿರುವ ಸಾಧ್ಯತೆ ಜಾಸ್ತಿ. ಕವರ್ ಬಿಚ್ಚಿಯೇ ನೋಡಬೇಕು, ವರ್ಕ್‌ಶಾಪಿಗೆ ಕೊಡಿ.

ಪ್ರಶ್ನೆ (ಸೋಮವಾರಪೇಟೆ): ನನ್ನದು ಹ್ಯಾಂಡಲ್ಲೇ ಬೆಂಡ್. ವೆಲ್ಡಿಂಗ್ ಅಂಗಡಿಯವರು ಕಾಯಿಸಿ ನೇರ ಮಾಡಿಕೊಡ್ತಾರಂತೆ.

ಉತ್ತರ: ದಯವಿಟ್ಟು ಮಾಡಿಸಬೇಡಿ. ಬೆಂಡ್ ಆದ ಪೈಪ್ ಒಳಗೆ ಒಮ್ಮೆ ಸೋತಿರುತ್ತದೆ. ಕಾಯಿಸಿ ಬಗ್ಗಿಸಿದರೆ ಇನ್ನಷ್ಟು ಸೋಲುತ್ತದೆ. ಹೊರಗೆ ನೇರ ಕಾಣುತ್ತದೆ, ಆದರೆ ಸಂಪಾಜೆ ಘಾಟಿ ಇಳಿಯುವಾಗ ಬ್ರೇಕ್ ಹಾಕಿದರೆ ನಿಮ್ಮ ಮೈಭಾರ ಬೀಳುವುದು ಅದೇ ಪೈಪಿನ ಮೇಲೆ. ಬೆಂಡ್ ಆದ ಫೋರ್ಕ್ ಪೈಪಿಗೂ ಇದೇ ಮಾತು.

ನಾಪೋಕ್ಲು: ಅಣ್ಣ, ಸಂಜೆ ತಮ್ಮನ ಜೊತೆ ಸೇರಿ ಮಾಡಿದೆ. ಗಾಜು ಕೂತಿದೆ, ಹ್ಯಾಂಡಲ್ ನೇರ ಬಂತು! ಆದರೆ ನಿಧಾನಕ್ಕೆ ತಿರುಗಿಸಿದರೆ ನಡುವಿನಲ್ಲಿ ಕಟಕ್ ಅಂತ ಒಂದು ಕಡೆ ಕೂತ ಹಾಗೆ ಆಗುತ್ತೆ.

ಉತ್ತರ: ಅದು ಕೋನ್ ಸೆಟ್, ಅಂದರೆ ಕುತ್ತಿಗೆಯೊಳಗೆ ಹ್ಯಾಂಡಲ್ ತಿರುಗುವ ಬೇರಿಂಗ್. ಪೆಟ್ಟಿಗೆ ಗುಂಡುಗಳು ಬಟ್ಟಲಿನಲ್ಲಿ ಗುಳಿ ಮಾಡಿರುತ್ತವೆ, ಮೊದಲೇ ಸವೆದಿದ್ದರೂ ಇರಬಹುದು. ಬಿಗಿ ಮಾಡಿದರೆ ಗುಳಿ ಹೋಗುವುದಿಲ್ಲ, ಬದಲಾಯಿಸಬೇಕು. ಈ ವಾರವೇ ಮಾಡಿಸಿ. ಅಲ್ಲಿವರೆಗೆ ಮಡಿಕೇರಿಗೆ ಬಸ್ಸಿನಲ್ಲಿ ಹೋಗಿ.